ಹಳೆಯ ಪದ್ಮಿನಿಯ ಸ್ಟೀರಿಂಗ್ ಕಾಲಮ್ ಬಿಚ್ಚುವಾಗ

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರ ಕಾಲದ 1986ನೇ ಇಸವಿಯ ಪ್ರೀಮಿಯರ್ ಪದ್ಮಿನಿ ಕಾರು ಇದೆ. ನಾಲ್ಕು ವರ್ಷ ಅಡಿಕೆ ರಾಶಿಯ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಪುನಃ ಓಡುವಂತೆ ಮಾಡಿ, ನೋಂದಣಿ ನವೀಕರಿಸಬೇಕೆಂದಿದ್ದೇನೆ. ಸ್ಟೀರಿಂಗ್ ವೀಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕಡಕಡ ಸದ್ದು ಬರುತ್ತದೆ. ಎಡಕ್ಕೆ ತಿರುಗಿಸುವಾಗ ಹಾರ್ನ್ ತಾನಾಗಿಯೇ ಕೂಗುತ್ತದೆ. ಕಾಲಮ್ಮಿನಲ್ಲಿರುವ ಗೇರ್ ಲಿವರ್ ಕೂಡ ಸಡಿಲವಾಗಿದೆ. ವೀಲಿನ ನಟ್ ಬಿಚ್ಚಿದರೂ ವೀಲ್ ಜಪ್ಪಯ್ಯ ಎಂದರೂ ಬರಲಿಲ್ಲ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟರೆ ಬರುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ? ಯಾವ ಭಾಗಗಳನ್ನು ಮನೆಯಲ್ಲಿಯೇ ಬಿಚ್ಚಬಹುದು, ಯಾವುದಕ್ಕೆ ಕೈ ಹಾಕಬಾರದು? – ಬದಿಯಡ್ಕ ಸಮೀಪದ ಓದುಗರು

ಉತ್ತರ: ದಯವಿಟ್ಟು ಸುತ್ತಿಗೆಯನ್ನು ಮುಟ್ಟಬೇಡಿ. ನಿಮ್ಮ ಪ್ರಶ್ನೆಯ ಉಳಿದ ಭಾಗಗಳಿಗೆ ವಿವರವಾಗಿ ಉತ್ತರಿಸುತ್ತೇನೆ, ಆದರೆ ಈ ಒಂದು ಮಾತನ್ನು ಮೊದಲೇ ಹೇಳದಿದ್ದರೆ ನೀವು ಓದಿ ಮುಗಿಸುವ ಹೊತ್ತಿಗೆ ಶಾಫ್ಟಿನ ತುದಿ ಅಣಬೆಯಂತೆ ಅರಳಿ ಹೋಗಿರಬಹುದು ಎಂಬ ಆತಂಕ ನನಗಿದೆ.

ಸುತ್ತಿಗೆ ಯಾಕೆ ಬೇಡ ಎಂಬುದು ಕಾಲಮ್ಮಿನ ರಚನೆ ತಿಳಿದರೆ ತಾನಾಗಿ ಸ್ಪಷ್ಟವಾಗುತ್ತದೆ. ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಅದು ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಯಿತು, 1970ರ ದಶಕದಲ್ಲಿ ಪದ್ಮಿನಿಯಾಯಿತು. ಹೆಸರು ಬದಲಾದರೂ ಒಳಗಿನ ಯಂತ್ರರಚನೆ ಬಹುಮಟ್ಟಿಗೆ ಹಳೆಯದೇ ಉಳಿಯಿತು. ನಿಮ್ಮ ಕೈಯಲ್ಲಿರುವ ವೀಲು ಒಂದು ಉದ್ದನೆಯ ಉಕ್ಕಿನ ಶಾಫ್ಟಿನ ಮೇಲೆ ಹಲ್ಲುಗಳಲ್ಲಿ ಕೂತಿದೆ. ಆ ಶಾಫ್ಟ್ ಕಾಲಮ್ ಎಂಬ ಕೊಳವೆಯೊಳಗಿನಿಂದ ಇಳಿದು, ವೀಲಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಸ್ಟೀರಿಂಗ್ ಬಾಕ್ಸಿಗೆ ಹೋಗುತ್ತದೆ, ಅಲ್ಲಿ ವರ್ಮ್ ಎಂಬ ಸುರುಳಿ ಹಲ್ಲಿನ ಭಾಗ ಬೇರಿಂಗುಗಳ ನಡುವೆ ನಿಂತಿದೆ. ಮೇಲಿನ ತುದಿಯಲ್ಲಿ ಶಾಫ್ಟನ್ನು ನೇರವಾಗಿ ಹಿಡಿದಿಡುವುದು ಬುಷ್ ಎಂಬ, ಶಾಫ್ಟಿನ ಸುತ್ತ ಬಳೆಯಂತೆ ಕೂರುವ ಒಂದು ಸಣ್ಣ ಭಾಗ ಮಾತ್ರ. ಆದುದರಿಂದ ಮೇಲಿನ ತುದಿಗೆ ಬೀಳುವ ಪ್ರತಿಯೊಂದು ಏಟೂ ನೇರವಾಗಿ ಕೆಳಗಿನ ಬೇರಿಂಗಿಗೆ ಹೋಗಿ ತಾಗುತ್ತದೆ. ಬೇರಿಂಗಿನ ಗುಂಡುಗಳು ತಾವು ಉರುಳುವ ದಾರಿಯಲ್ಲಿ ಸೂಕ್ಷ್ಮವಾದ ಗುಳಿಗಳನ್ನು ಮಾಡುತ್ತವೆ. ಆ ಗುಳಿ ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಅಂಗೈಗೆ ತಿಳಿಯುತ್ತದೆ.

ಇದನ್ನು ನಾನು ಕಲಿತದ್ದು ಹೀಗೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಎದುರಿನಲ್ಲೇ ಒಂದು ಫಿಯಟ್ಟಿನ ಶಾಫ್ಟಿಗೆ ಹಿರಿಯ ಕೆಲಸಗಾರರೊಬ್ಬರು ಐದಾರು ಏಟು ಹೊಡೆದರು. ವೀಲು ಬಂತು, ಹೊಸ ಬುಷ್ ಹಾಕಿದ್ದೂ ಆಯಿತು. ಜೋಡಿಸಿದ ಮೇಲೆ ಮುಂದಿನ ಚಕ್ರಗಳನ್ನು ಜ್ಯಾಕಿನಲ್ಲಿ ಎತ್ತಿ ನಾನು ವೀಲನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಿದೆ. ನೇರವಾಗಿ ನಿಲ್ಲುವ ಜಾಗದಲ್ಲಿ ಒಂದು ಸಣ್ಣ ತಡೆ ಇತ್ತು, ಬಾಗಿಲಿನ ಹಳೆಯ ಚಿಲಕ ಗುಳಿಗೆ ಬಿದ್ದು ಏಳುವಂತೆ. ಅದಕ್ಕಿಂತ ಮೊದಲು ಅದು ಇರಲಿಲ್ಲ. ರಸ್ತೆಯಲ್ಲಿ ಆ ಕಾರು ನೇರವಾಗಿ ಹೋಗುವಾಗ ಒಮ್ಮೆ ಇತ್ತ, ಒಮ್ಮೆ ಅತ್ತ ಸರಿಯುತ್ತಿತ್ತು. ಬುಷ್ಷಿನ ಕೆಲಸ ಕೊನೆಗೆ ಬಾಕ್ಸ್ ಬಿಚ್ಚುವ ಕೆಲಸವಾಯಿತು. ಅಂದು ಫಿಯಟ್ಟಿನ ಬಿಡಿಭಾಗ ಮಂಗಳೂರಿಗೆ ಹೋದರೆ ಸಿಗುತ್ತಿತ್ತು. ಇಂದು ಮುಂಬಯಿಯ ರಸ್ತೆಗಳಿಂದಲೂ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮರೆಯಾಗಿವೆ. ಅವುಗಳನ್ನು ನಂಬಿಕೊಂಡಿದ್ದ ಬಿಡಿಭಾಗದ ವ್ಯಾಪಾರವೂ ಅದರೊಂದಿಗೆ ಕರಗುತ್ತಿದೆ. ಹಾಗಾಗಿ ನಿಮ್ಮ ಕಾರಿನಲ್ಲಿರುವ ಪ್ರತಿಯೊಂದು ಸ್ಕ್ರೂ, ವಾಷರ್, ಸ್ಪ್ರಿಂಗು ನಿಮ್ಮ ಪಾಲಿಗೆ ಕೊನೆಯದ್ದು ಎಂದು ಭಾವಿಸಿಯೇ ಕೆಲಸ ಮಾಡಬೇಕು.

ಬಿಚ್ಚುವುದಕ್ಕಿಂತ ಮೊದಲು ದೋಷ ಎಲ್ಲಿದೆ ಎಂದು ಗುರುತಿಸಬೇಕು. ಇದಕ್ಕೆ ಇಬ್ಬರು ಬೇಕು, ಅರ್ಧ ಗಂಟೆ ಸಾಕು. ಕಾರನ್ನು ಸಮತಟ್ಟಾದ ನೆಲದಲ್ಲಿ, ಮುಂದಿನ ಚಕ್ರಗಳು ನೇರವಾಗಿರುವಂತೆ ನಿಲ್ಲಿಸಿ. ಒಬ್ಬರು ಸೀಟಿನಲ್ಲಿ ಕೂತು ವೀಲನ್ನು ಮೆಲ್ಲನೆ ಎಡಕ್ಕೂ ಬಲಕ್ಕೂ ಆಡಿಸುತ್ತಿರಲಿ, ನೀವು ಬೋನೆಟ್ ತೆರೆದು ಟಾರ್ಚು ಹಿಡಿದು ಕೆಳಗೆ ನೋಡಿ. ಶಾಫ್ಟ್ ತಿರುಗುತ್ತಿದ್ದರೂ ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್ ಎಂಬ ತೋಳು ಅಲುಗದಿದ್ದರೆ ಸವೆತ ಬಾಕ್ಸಿನೊಳಗಿದೆ. ಡ್ರಾಪ್ ಆರ್ಮ್ ಅಲುಗಿದರೂ ಚಕ್ರ ಅಲುಗದಿದ್ದರೆ ಸವೆತ ಟೈ ರಾಡ್ ಎಂಡುಗಳಲ್ಲಿ, ಅಂದರೆ ಚಕ್ರಗಳನ್ನು ತಿರುಗಿಸುವ ಸರಳುಗಳ ತುದಿಯ ಕೀಲುಗಳಲ್ಲಿ ಇದೆ. ವೀಲು ತಿರುಗಿದರೂ ಶಾಫ್ಟ್ ತಿರುಗದಿದ್ದರೆ ಹಲ್ಲುಗಳೇ ಹೋಗಿವೆ, ಅಂಥ ಕಾರನ್ನು ಶೆಡ್ಡಿನಿಂದ ಒಂದು ಮಾರು ಕೂಡ ಹೊರಗೆ ತರಬಾರದು. ಅನಂತರ ವೀಲನ್ನು ತಿರುಗಿಸದೆ, ಮೇಲೆ ಕೆಳಗೆ ಮತ್ತು ತಮ್ಮ ಎದೆಯ ಕಡೆಗೆ ಎಳೆದು ನೋಡಲು ಹೇಳಿ. ನೀವು ವರ್ಣಿಸಿದ ಕಡಕಡ ಸದ್ದು ಆಗ ಕೇಳಿಸಿದರೆ ಮೇಲಿನ ಬುಷ್ ಸವೆದಿದೆ ಎಂದರ್ಥ. ಎದೆಯ ಕಡೆಗೆ ಎಳೆದಾಗ ಇಡೀ ಶಾಫ್ಟ್ ಮುಂದೆ ಬಂದು ಹಿಂದೆ ಹೋಗುತ್ತಿದ್ದರೆ ಮಾತ್ರ ಬಾಕ್ಸಿನ ಬೇರಿಂಗಿನ ಬಗ್ಗೆ ಯೋಚಿಸಬೇಕು. ಕಾಲಮ್ಮನ್ನು ಡ್ಯಾಶ್‌ಬೋರ್ಡಿನ ಅಡಿಗೆ ಕಟ್ಟಿರುವ ಬ್ರಾಕೆಟಿನ ಬೋಲ್ಟುಗಳು ಸಡಿಲವಾಗಿದ್ದರೂ ಇದೇ ರೀತಿಯ ಸದ್ದು ಬರುತ್ತದೆ. ಮೊದಲು ಅವನ್ನು ಬಿಗಿಮಾಡಿ ನೋಡಿ, ಬುಷ್ ಬದಲಾಯಿಸಲು ತಂದ ಎಷ್ಟೋ ಕಾರುಗಳು ಆ ಎರಡು ಬೋಲ್ಟುಗಳಲ್ಲೇ ಸರಿಯಾಗಿ ಮನೆಗೆ ಹೋಗಿವೆ.

ನೀವು ನೋಂದಣಿ ನವೀಕರಣದ ಬಗ್ಗೆ ಬರೆದಿರುವುದರಿಂದ ಒಂದು ಲೆಕ್ಕ ಹೇಳುತ್ತೇನೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆ ಬಳಿಕ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ, ಪ್ರತಿ ಸಲವೂ ವಾಹನವನ್ನು ತಪಾಸಣೆಗೆ ಒಯ್ಯಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಸ್ಟೀರಿಂಗ್ ವೀಲಿನ ಪ್ಲೇ, ಅಂದರೆ ಚಕ್ರ ಅಲುಗದೆ ವೀಲು ಬರಿದೆ ಆಡುವ ಅಳತೆ, 30 ಡಿಗ್ರಿ ಮೀರಬಾರದು. ವೀಲಿನ ವ್ಯಾಸ 40 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಅಂಚಿನಲ್ಲಿ ಈ 30 ಡಿಗ್ರಿ ಎಂಬುದು ಸುಮಾರು 10 ಸೆಂಟಿಮೀಟರ್ ಆಗುತ್ತದೆ. ಇದು ಕಾನೂನಿನ ಗರಿಷ್ಠ ಮಿತಿಯೇ ಹೊರತು ಒಳ್ಳೆಯ ಸ್ಟೀರಿಂಗಿನ ಲಕ್ಷಣವಲ್ಲ. ಸುಸ್ಥಿತಿಯಲ್ಲಿರುವ ಇಂಥ ಹಳೆಯ ಬಾಕ್ಸಿನಲ್ಲಿ ಅಂಚಿನ ಅಳತೆಯಲ್ಲಿ ಎರಡು ಮೂರು ಸೆಂಟಿಮೀಟರ್ ಪ್ಲೇ ಇದ್ದರೆ ನನಗೆ ಸಮಾಧಾನ, ಐದು ದಾಟಿದರೆ ನಾನು ಕಾರಣ ಹುಡುಕುತ್ತೇನೆ. ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಡ್ಯಾಶ್‌ಬೋರ್ಡಿಗೆ ಒಂದು ಕಡ್ಡಿ ನಿಲ್ಲಿಸಿ ಅಳೆದು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಪುನಃ ಅಳೆಯಲು ಅದು ಬೇಕು.

ಈಗ ಬಿಚ್ಚುವ ಕೆಲಸ. ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ ಬದಿಗೆ ಕಟ್ಟಿಡಿ. ಹಳೆಯ ಕಾರುಗಳಲ್ಲಿ ಎಲ್ಲ ತಂತಿಗಳಿಗೂ ಫ್ಯೂಸ್ ಇರುವುದಿಲ್ಲ. ಸ್ವಿಚ್ಚಿನ ಹಿಂದೆ ಸ್ಪ್ಯಾನರ್ ಒಂದು ಕ್ಷಣ ತಾಗಿದರೂ ತಂತಿಯ ಕಂತೆಯೇ ಕರಗಿ ಹೋಗಬಹುದು. ನಿಮ್ಮ ಶೆಡ್ಡು ಅಡಿಕೆ ರಾಶಿಯ ಪಕ್ಕದಲ್ಲಿತ್ತು ಎಂದು ಬರೆದಿದ್ದೀರಿ. ಹಾಗಿದ್ದರೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಇಲಿಗಳು ತಂತಿಯ ಮೇಲ್ಪದರವನ್ನು ಕಡಿದಿವೆಯೇ ಎಂದು ಟಾರ್ಚು ಬಿಟ್ಟು ನೋಡಲೇಬೇಕು. ನಮ್ಮ ಕಡೆಯ ಹಳೆಯ ಕಾರುಗಳಲ್ಲಿ ಹಾರ್ನಿನ ದೋಷಕ್ಕೂ ಲೈಟಿನ ದೋಷಕ್ಕೂ ಇದು ಎಷ್ಟೋ ಬಾರಿ ಕಾರಣವಾಗಿರುತ್ತದೆ.

ಬಿಚ್ಚಿದ ಭಾಗಗಳನ್ನು ಇಡಲು ನಾನು ಅಡಿಕೆ ಹಾಳೆಯ ತಟ್ಟೆಗಳನ್ನು ಬಳಸುತ್ತೇನೆ. ನಮ್ಮಲ್ಲಿ ಅವಕ್ಕೆ ಬರವಿಲ್ಲ, ಅಂಚು ಎತ್ತರವಿರುವುದರಿಂದ ಸಣ್ಣ ಗುಂಡು ಕೂಡ ಉರುಳಿ ಹೋಗುವುದಿಲ್ಲ, ಪೆನ್ನಿನಿಂದ ಅಂಚಿನಲ್ಲೇ ಒಂದು, ಎರಡು, ಮೂರು ಎಂದು ಬರೆಯಬಹುದು. ಒಂದು ಹಂತದಲ್ಲಿ ಬಂದದ್ದೆಲ್ಲ ಒಂದೇ ತಟ್ಟೆಗೆ, ಬಂದ ಅನುಕ್ರಮದಲ್ಲೇ ಇರಲಿ. ಮೊಬೈಲಿನಲ್ಲಿ ಫೋಟೊ ತೆಗೆಯುವುದು ಒಳ್ಳೆಯದೇ, ಆದರೆ ವಾಷರಿನ ಯಾವ ಮುಖ ಮೇಲಿತ್ತು ಎಂಬುದು ಫೋಟೊದಲ್ಲಿ ತಿಳಿಯುವುದಿಲ್ಲ, ತಟ್ಟೆಯಲ್ಲಿ ತಿಳಿಯುತ್ತದೆ.

ಮೊದಲು ಹಾರ್ನಿನ ಭಾಗ. ವೀಲಿನ ನಡುವಿನ ಬಟನ್ ಕೆಲವು ಮಾದರಿಗಳಲ್ಲಿ ಒತ್ತಿ ತಿರುಗಿಸಿದರೆ ಬರುತ್ತದೆ, ಕೆಲವದರಲ್ಲಿ ಅಂಚಿನಿಂದ ಎಬ್ಬಿಸಬೇಕು. ಎಬ್ಬಿಸುವುದಿದ್ದರೆ ಸ್ಕ್ರೂ ಡ್ರೈವರ್ ಬೇಡ, ಬಿದಿರಿನ ಒಂದು ಚೂಪು ಸೀಳನ್ನು ಬಳಸಿ, ಪ್ಲಾಸ್ಟಿಕ್ಕಿಗೆ ಗಾಯವಾಗುವುದಿಲ್ಲ. ಹಾರ್ನ್ ರಿಂಗ್ ಇರುವ ವೀಲಾದರೆ ಬಟನ್ನಿನ ಹಿಂದೆ ಅಥವಾ ವೀಲಿನ ಬೆನ್ನಿನಲ್ಲಿ ಸಣ್ಣ ಸ್ಕ್ರೂಗಳಿರುತ್ತವೆ. ಯಾವುದೇ ಇರಲಿ, ಬಟನ್ ಸಡಿಲವಾಗುತ್ತಿದೆ ಎಂದಾಗ ಅದರ ಮೇಲೆ ಹಳೆಯ ಬೈರಾಸು ಮುಚ್ಚಿ ಅದರ ಅಡಿಯಲ್ಲೇ ಕೈ ಹಾಕಿ ತೆಗೆಯಿರಿ. ಅದರ ಹಿಂದಿನ ಸ್ಪ್ರಿಂಗ್ ಹಾರಿದರೆ ಸೀಟಿನ ಸಂದಿಗೆ ಹೋಗುತ್ತದೆ, ಮತ್ತೆ ಅರ್ಧ ದಿನ ಹುಡುಕಬೇಕು. ಸ್ಪ್ರಿಂಗಿನ ಹಿಂದೆ ತಾಮ್ರದ ಅಥವಾ ಹಿತ್ತಾಳೆಯ ಸ್ಪರ್ಶ ತಟ್ಟೆ, ವಿದ್ಯುತ್ತು ಹರಿಯದಂತೆ ತಡೆಯುವ ಫೈಬರ್ ವಾಷರುಗಳು ಇರುತ್ತವೆ. ನಿಮ್ಮ ಹಾರ್ನ್ ಒಂದೇ ಬದಿಗೆ ತಿರುಗಿಸುವಾಗ ಮಾತ್ರ ಕೂಗುತ್ತದೆ ಎಂದರೆ ಈ ಫೈಬರ್ ವಾಷರ್ ಒಂದು ಕಡೆ ಒಡೆದಿರಬೇಕು, ಇಲ್ಲವೇ ಹಾರ್ನಿನ ತಂತಿ ಒಂದು ಜಾಗದಲ್ಲಿ ಉಜ್ಜಿ ಉಜ್ಜಿ ಬೆತ್ತಲಾಗಿ ಲೋಹಕ್ಕೆ ತಾಗುತ್ತಿರಬೇಕು. ಬುಷ್ ಸವೆದು ಶಾಫ್ಟ್ ಒಂದು ಪಕ್ಕಕ್ಕೆ ವಾಲಿದ್ದರಿಂದಲೂ ಈ ಸ್ಪರ್ಶ ಆಗುವುದುಂಟು, ಹಾಗಿದ್ದರೆ ನಿಮ್ಮ ಎರಡು ದೂರುಗಳಿಗೂ ಮೂಲ ಒಂದೇ. ಒಡೆದ ವಾಷರನ್ನು ಅದೇ ದಪ್ಪದ ಫೈಬರ್ ಹಾಳೆಯಿಂದ ಕತ್ತರಿಸಿ ಮಾಡಿಕೊಳ್ಳಬಹುದು. ದಪ್ಪ ಹೆಚ್ಚಾದರೆ ಬಟನ್ ಒತ್ತಿದರೂ ಹಾರ್ನ್ ಕೂಗದು, ಕಡಿಮೆಯಾದರೆ ಒತ್ತದೆಯೂ ಕೂಗುವುದು.

ಇನ್ನು ವೀಲು. ನೀವು ನಟ್ಟನ್ನು ಪೂರ್ತಿ ಬಿಚ್ಚಿದ್ದೀರಿ ಎಂದು ತಿಳಿಯುತ್ತದೆ. ಅದನ್ನು ಪುನಃ ಮೂರು ನಾಲ್ಕು ಸುತ್ತು ಹಾಕಿ ಸಡಿಲವಾಗಿ ಬಿಡಿ. ವೀಲು ಬಿಡುವಾಗ ಒಮ್ಮೆಲೇ ಬಿಡುತ್ತದೆ, ನಟ್ ಇಲ್ಲದಿದ್ದರೆ ಅದು ನೇರವಾಗಿ ಎಳೆಯುವವರ ಮುಖಕ್ಕೆ ಬರುತ್ತದೆ. ನಟ್ ಇದ್ದರೆ ಶಾಫ್ಟಿನ ಮರೆಗಳಿಗೂ (ನಟ್ ಹಿಡಿಯುವ ಸುರುಳಿ ಗೆರೆಗಳಿಗೂ) ರಕ್ಷಣೆ. ಬಿಗಿಯಾಗಿದ್ದ ನಟ್ಟನ್ನು ಬಿಚ್ಚುವಾಗ ವೀಲನ್ನು ಒಂದು ಕೊನೆಯವರೆಗೆ ತಿರುಗಿಸಿ ಅಲ್ಲಿ ತಡೆದು ಬಿಚ್ಚುವ ಅಭ್ಯಾಸ ಕೆಲವರಿಗೆ ಇದೆ. ಅದು ಸರಿಯಲ್ಲ, ಅಷ್ಟು ಬಲವೂ ಬಾಕ್ಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಚಕ್ರಗಳು ನೇರವಾಗಿರುವಾಗ ಇನ್ನೊಬ್ಬರು ವೀಲನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದಿರಬೇಕು. ಈ ಹಂತದಲ್ಲೇ ಶಾಫ್ಟಿನ ಮುಖದ ಮೇಲೂ ಅದರ ಸುತ್ತ ಕೂತಿರುವ ವೀಲಿನ ನಡುಭಾಗವಾದ ಹಬ್ಬಿನ ಮೇಲೂ ಒಂದೇ ಸಾಲಿನಲ್ಲಿ ಸೆಂಟರ್ ಪಂಚಿನಿಂದ ಮೆಲ್ಲಗೆ ಒಂದೊಂದು ಚುಕ್ಕೆ ಹಾಕಿ. ಬಣ್ಣದ ಗುರುತು ಎಣ್ಣೆಗೆ ಅಳಿಸಿ ಹೋಗುತ್ತದೆ, ಚುಕ್ಕೆ ಅಳಿಯುವುದಿಲ್ಲ. ವೀಲನ್ನು ಒಂದು ಹಲ್ಲು ತಪ್ಪಿ ಹಾಕಿದರೂ ಕಾರು ನೇರ ಹೋಗುವಾಗ ವೀಲು ಓರೆಯಾಗಿ ಕಾಣುತ್ತದೆ.

ತುಕ್ಕು ಬಿಡಿಸುವ ಎಣ್ಣೆಯನ್ನು ಹಬ್ಬಿಗೂ ಶಾಫ್ಟಿಗೂ ನಡುವಿನ ಗೆರೆಗೆ ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಕಾಯಿರಿ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಮಳೆಗಾಲದ ಆಟಿ ತಿಂಗಳ ತೇವ ಮುಚ್ಚಿದ ಶೆಡ್ಡಿನ ಒಳಗೂ ಇರುತ್ತದೆ. ನಾಲ್ಕು ಮಳೆಗಾಲ ನಿಂತ ಕಾರಿನಲ್ಲಿ ಹಲ್ಲುಗಳ ನಡುವೆ ತುಕ್ಕು ಹಿಡಿಯದಿದ್ದರೆ ಆಶ್ಚರ್ಯ. ಆ ತುಕ್ಕಿಗೆ ಎಣ್ಣೆ ಇಳಿಯಲು ಸಮಯ ಬೇಕು, ಆತುರಪಟ್ಟರೆ ಫಲವಿಲ್ಲ. ಮರುದಿನ ಎರಡು ಕಾಲಿನ ಪುಲ್ಲರ್ ತನ್ನಿ, ಅದು ನಡುವಿನ ಬೋಲ್ಟನ್ನು ತಿರುಗಿಸಿದಂತೆ ಬಿಗಿಯಾದ ಭಾಗವನ್ನು ಎಳೆದು ತೆಗೆಯುವ ಸಾಧನ. ನಿಮ್ಮಲ್ಲಿ ಇಲ್ಲದಿದ್ದರೆ ಹತ್ತಿರದ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ. ಪುಲ್ಲರಿನ ಕಾಲುಗಳು ಹಬ್ಬಿನ ಅಡಿಯಲ್ಲಿ ಸಿಕ್ಕಿಕೊಳ್ಳಬೇಕೇ ಹೊರತು ವೀಲಿನ ಕಡ್ಡಿಗಳ ಅಡಿಯಲ್ಲಿ ಅಲ್ಲ. ನಡುವಿನ ಬೋಲ್ಟಿಗೂ ಶಾಫ್ಟಿನ ಮುಖಕ್ಕೂ ಮಧ್ಯೆ ಹಿತ್ತಾಳೆಯ ಒಂದು ಸಣ್ಣ ತುಂಡು ಇಡಿ.

ಪುಲ್ಲರ್ ಯಾಕೆ ಸುರಕ್ಷಿತ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದೆಲ್ಲ ಕೆಲಸಕ್ಕೂ ಅದು ದಾರಿ ತೋರಿಸುತ್ತದೆ. ಪುಲ್ಲರ್ ಹಬ್ಬನ್ನು ಎಷ್ಟು ಬಲದಿಂದ ಎಳೆಯುತ್ತದೆಯೋ ಅಷ್ಟೇ ಬಲದಿಂದ ಶಾಫ್ಟನ್ನು ಒತ್ತುತ್ತದೆ. ಎಳೆತವೂ ಒತ್ತಡವೂ ಆ ಒಂದು ಗೇಣಿನೊಳಗೇ ಒಂದಕ್ಕೊಂದು ಸರಿದೂಗುವುದರಿಂದ ಕೆಳಗಿನ ಬೇರಿಂಗಿಗೆ ಏನೂ ತಿಳಿಯುವುದಿಲ್ಲ. ಸುತ್ತಿಗೆಯ ಏಟಿಗೆ ಮಾತ್ರ ಎದುರು ನಿಲ್ಲುವುದು ಆ ಬೇರಿಂಗೇ. ವೀಲಿನ ಹಿಂದೆ ಎರಡು ಮೊಣಕಾಲು ಕೊಟ್ಟು ಎಳೆಯುವ ಕ್ರಮವನ್ನೂ ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಅದರಲ್ಲಿ ಶಾಫ್ಟು ಮೇಲಕ್ಕೆ ಜಗ್ಗುತ್ತದೆ, ಮೂವತ್ತು ನಲವತ್ತು ವರ್ಷದ ಗಟ್ಟಿ ಪ್ಲಾಸ್ಟಿಕ್ಕಿನ ವೀಲು ಕಡ್ಡಿಯ ಬುಡದಲ್ಲಿ ಬಿರುಕು ಬಿಡುತ್ತದೆ.

ಪುಲ್ಲರಿನ ಬೋಲ್ಟನ್ನು ಕೈಗೆ ಸಾಕಷ್ಟು ಬಿಗಿಯಾಗುವವರೆಗೆ ತಿರುಗಿಸಿ ಹಾಗೆಯೇ ಹತ್ತು ನಿಮಿಷ ಬಿಡಿ. ಆಗಲೂ ಬಾರದಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಬ್ಬಿನ ಸುತ್ತ ಸುತ್ತಿ. ಎರಡು ಮೂರು ಸಲ ಹೀಗೆ ಮಾಡಿದರೆ ಹಬ್ಬು ಶಾಫ್ಟಿಗಿಂತ ಮೊದಲು ಬಿಸಿಯಾಗಿ ಕೂದಲೆಳೆಯಷ್ಟು ಹಿಗ್ಗುತ್ತದೆ. ನೀರು ತೊಟ್ಟಿಕ್ಕದಂತೆ ನೋಡಿಕೊಳ್ಳಿ, ಅಡಿಯಲ್ಲಿ ಸ್ವಿಚ್ ಇದೆ. ಗ್ಯಾಸಿನ ಜ್ವಾಲೆ ಖಂಡಿತ ಬೇಡ. ಇಷ್ಟರ ಮೇಲೂ ಹಟ ಮಾಡಿದರೆ, ಪುಲ್ಲರ್ ಬಿಗಿಯಾಗಿ ಇರುವಾಗಲೇ ಹಬ್ಬಿನ ಒಂದು ಪಕ್ಕಕ್ಕೆ ಭಾರವಾದ ಹಿತ್ತಾಳೆಯ ತುಂಡನ್ನು ಒತ್ತಿ ಹಿಡಿದು ಎದುರಿನ ಪಕ್ಕಕ್ಕೆ ಇನ್ನೊಂದು ಹಿತ್ತಾಳೆಯ ತುಂಡಿನ ಮೂಲಕ ಮೆಲ್ಲಗೆ ತಟ್ಟಬಹುದು. ಈ ತಟ್ಟುವಿಕೆ ಅಡ್ಡಕ್ಕೆ ಇರಬೇಕು, ಶಾಫ್ಟಿನ ಉದ್ದಕ್ಕೆ ಇರಬಾರದು. ಬಿಡುವಾಗ ‘ಟಕ್’ ಎಂಬ ಒಂದು ಒಣ ಸದ್ದು ಕೇಳಿಸುತ್ತದೆ, ಪುಲ್ಲರಿನ ಬೋಲ್ಟು ತಕ್ಷಣ ಹಗುರವಾಗುತ್ತದೆ.

ವೀಲು ಬಂದ ಬಳಿಕ ಸಿಗ್ನಲ್ಲಿನ ಮತ್ತು ಲೈಟಿನ ಕಡ್ಡಿಗಳಿರುವ ಸ್ವಿಚ್ ಕಾಣಿಸುತ್ತದೆ. ಅದನ್ನು ಕಾಲಮ್ಮಿಗೆ ಹಿಡಿದಿರುವ ಸ್ಕ್ರೂಗಳ ತಲೆಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂ ಡ್ರೈವರನ್ನೇ ಆರಿಸಿ. ಸಣ್ಣದು ಹಾಕಿ ತಲೆ ಸವೆಸಿದರೆ ಮತ್ತೆ ಡ್ರಿಲ್ ಮಾಡಬೇಕಾಗುತ್ತದೆ. ತಂತಿಗಳ ಬಣ್ಣವನ್ನು ನಂಬಬೇಡಿ. ಇಷ್ಟು ವರ್ಷಗಳಲ್ಲಿ ಹಸಿರೂ ನೀಲಿಯೂ ಒಂದೇ ಬೂದುಬಣ್ಣಕ್ಕೆ ಬಂದಿರುತ್ತವೆ, ಹಿಂದೆ ಯಾರೋ ರಿಪೇರಿಗೆ ಸಿಕ್ಕಿದ ಬಣ್ಣದ ತಂತಿಯನ್ನು ಜೋಡಿಸಿರುವುದೂ ಉಂಟು. ಪ್ರತಿ ಕೊನೆಗೂ ಬಿಳಿ ಟೇಪ್ ಸುತ್ತಿ ಸಂಖ್ಯೆ ಬರೆದೇ ಕಳಚಿ. ಕಳಚುವಾಗ ತಂತಿಯನ್ನು ಹಿಡಿದು ಎಳೆಯದೆ, ಕನೆಕ್ಟರನ್ನು ಹಿಡಿದು ಎಳೆಯಿರಿ. ಸ್ವಿಚ್ಚಿನ ಪ್ಲಾಸ್ಟಿಕ್ಕು ಮಳೆಗಾಲದ ಬೆಳಗ್ಗೆ ಸೆಡೆತುಕೊಂಡು ಒಡೆಯುವಂತಿರುತ್ತದೆ. ಬಿಸಿಲು ಬಂದ ಮೇಲೆ, ಕಾರಿನ ಒಳಗೆ ಚೆನ್ನಾಗಿ ಬೆಚ್ಚಗಾದ ಹೊತ್ತಿನಲ್ಲಿ ಈ ಕೆಲಸಕ್ಕೆ ಇಳಿಯುವುದು ಉತ್ತಮ. ತಿರುವು ಮುಗಿದ ಮೇಲೆ ಸಿಗ್ನಲ್ ಕಡ್ಡಿಯನ್ನು ಹಿಂದಕ್ಕೆ ತರುವ ಸಣ್ಣ ಮೂಗು ಯಾವ ದಿಕ್ಕಿಗೆ ಇತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಗೇರ್ ಲಿವರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಕಾಲಮ್ಮಿನ ಗೇರಿನಲ್ಲಿ ಲಿವರ್ ಎರಡು ಕೆಲಸ ಮಾಡುತ್ತದೆ. ಲಿವರನ್ನು ನಮ್ಮ ಕಡೆಗೆ ಎಳೆದಾಗ ಅಥವಾ ಒತ್ತಿದಾಗ ಯಾವ ಜೋಡಿ ಗೇರು ಎಂಬುದು ನಿರ್ಧಾರವಾಗುತ್ತದೆ, ಮೇಲೆ ಕೆಳಗೆ ಆಡಿಸಿದಾಗ ಆ ಜೋಡಿಯಲ್ಲಿ ಒಂದು ಗೇರು ಬೀಳುತ್ತದೆ. ಈ ಎರಡು ಚಲನೆಗಳೂ ಸರಳುಗಳ ಮೂಲಕ ಗೇರ್ ಬಾಕ್ಸಿಗೆ ತಲುಪಬೇಕು. ದಾರಿಯಲ್ಲಿರುವ ಪ್ರತಿ ಕೀಲಿನಲ್ಲೂ ಬುಷ್, ಪಿನ್, ವಾಷರ್ ಇವೆ. ಒಂದೊಂದರಲ್ಲಿ ಅರ್ಧ ಮಿಲಿಮೀಟರ್ ಸವೆತವಿದ್ದರೂ ಒಟ್ಟು ಸೇರಿ ಲಿವರಿನ ತುದಿಯಲ್ಲಿ ಗೇಣುದ್ದ ಅಲ್ಲಾಟವಾಗುತ್ತದೆ. ಆದ್ದರಿಂದ ಮೇಲಿನ ಲಿವರನ್ನು ಬಿಚ್ಚುವ ಮೊದಲು ಕೆಳಗಿನ ಕೀಲುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದು ಆಡಿಸಿ ನೋಡಿ. ಬಹುತೇಕ ಸವೆತ ಕೆಳಗೇ ಇರುತ್ತದೆ, ಏಕೆಂದರೆ ಕೆಸರೂ ನೀರೂ ಬಡಿಯುವುದು ಅಲ್ಲಿಗೆ. ಬಿಚ್ಚುವುದಾದರೆ ಗೇರನ್ನು ನ್ಯೂಟ್ರಲ್ಲಿನಲ್ಲಿ ಇಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಸರಳಿನ ಉದ್ದ ಹೊಂದಿಸುವ ನಟ್ಟಿನ ಹೊರಗೆ ಎಷ್ಟು ಮರೆ ಕಾಣುತ್ತದೆ ಎಂದು ಎಣಿಸಿ ಬರೆಯಿರಿ. ಆ ಲೆಕ್ಕ ತಪ್ಪಿದರೆ ಜೋಡಿಸಿದ ಮೇಲೆ ಎರಡು ಗೇರು ಬೀಳುತ್ತವೆ, ಎರಡು ಬೀಳುವುದಿಲ್ಲ. ಕೀಲು ಕಳಚದಂತೆ ತುದಿ ಬಾಗಿಸಿ ಹಾಕುವ ಸ್ಪ್ಲಿಟ್ ಪಿನ್ನುಗಳನ್ನು ತೆಗೆದ ಮೇಲೆ ಮತ್ತೆ ಬಳಸುವ ಯೋಚನೆ ಬೇಡ. ಬಾಗಿಸಿ ನೆಟ್ಟಗೆ ಮಾಡಿದ ಪಿನ್ನು ಎರಡನೆಯ ಬಾರಿ ಬಾಗಿಸುವಾಗಲೇ ಅರ್ಧ ಮುರಿದಿರುತ್ತದೆ. ಕೆಲವು ರೂಪಾಯಿಯ ಆ ಪಿನ್ನನ್ನು ಉಳಿಸಲು ಹೋಗಿ ಘಟ್ಟದ ಏರಿನಲ್ಲಿ ಗೇರಿಲ್ಲದೆ ನಿಂತವರನ್ನು ನಾನು ಕಂಡಿದ್ದೇನೆ.

ಮೇಲಿನ ಬುಷ್ ಹೊರಗೆ ಬಂದ ಬಳಿಕ ಅದು ಮಾರುಕಟ್ಟೆಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಇಲ್ಲಿ ವಸ್ತುವಿನ ಆಯ್ಕೆ ಮುಖ್ಯ. ಲೇತಿನವರು ಸಾಮಾನ್ಯವಾಗಿ ಕೈಗೆ ಸಿಕ್ಕುವ ನೈಲಾನ್ ಸರಳಿನಿಂದ ಕಡೆದು ಕೊಡುತ್ತಾರೆ. ನೈಲಾನ್ ನೀರಿನ ಅಂಶವನ್ನು ಹೀರಿಕೊಂಡು ಹಿಗ್ಗುವ ವಸ್ತು. ಏಪ್ರಿಲ್ ತಿಂಗಳಲ್ಲಿ ಸಲೀಸಾಗಿ ತಿರುಗುತ್ತಿದ್ದ ಬುಷ್ ಜುಲೈಯಲ್ಲಿ ಶಾಫ್ಟನ್ನು ಕಚ್ಚಿ ಹಿಡಿದು ಸ್ಟೀರಿಂಗ್ ಭಾರವಾಗುತ್ತದೆ, ತಿರುವಿನ ನಂತರ ವೀಲು ತಾನಾಗಿ ನೇರಕ್ಕೆ ಮರಳುವುದು ನಿಧಾನವಾಗುತ್ತದೆ. ಡೆಲ್ರಿನ್ ಎಂದು ಕರೆಯುವ ಪ್ಲಾಸ್ಟಿಕ್ ಅಷ್ಟು ನೀರು ಹೀರುವುದಿಲ್ಲ, ನಮ್ಮ ಹವೆಗೆ ಅದೇ ವಾಸಿ. ಗನ್ ಮೆಟಲ್ ಎಂಬ ಕಂಚಿನ ಬುಷ್ ಕೂಡ ಆಗಬಹುದು, ಆದರೆ ಅದಕ್ಕೆ ಗ್ರೀಸ್ ತಪ್ಪಿದರೆ ಕಿರುಗುಟ್ಟುತ್ತದೆ. ಲೇತಿಗೆ ಹಳೆಯ ಬುಷ್ಷನ್ನು ಮಾತ್ರ ಒಯ್ದರೆ ಸವೆದ ಅಳತೆಯೇ ಹೊಸದಕ್ಕೂ ಬರುತ್ತದೆ. ಶಾಫ್ಟಿನ ಅಳತೆಯನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆಗೋಲಿನಲ್ಲಿ ಮೂರು ಕಡೆ ತೆಗೆದು ಕೊಡಿ, ಶಾಫ್ಟು ಒಂದು ಪಕ್ಕ ಸವೆದಿದ್ದರೆ ಅದೂ ಅಲ್ಲಿ ತಿಳಿಯುತ್ತದೆ. ಇನ್ನೊಂದು ವಿಷಯ: ಹಾರ್ನಿನ ಅರ್ತ್ ಕಾಲಮ್ಮಿನ ಮೂಲಕವೇ ಹೋಗುವ ಜೋಡಣೆಗಳಲ್ಲಿ ಪ್ಲಾಸ್ಟಿಕ್ ಬುಷ್ ಹಾಕಿದ ಮೇಲೆ ಹಾರ್ನ್ ಮೂಕವಾಗುವುದುಂಟು. ಆಗ ಹಾರ್ನನ್ನು ಬಯ್ಯದೆ ಶಾಫ್ಟಿಗೂ ಬಾಡಿಗೂ ನಡುವಿನ ಅರ್ತ್ ಸಂಪರ್ಕವನ್ನು ಪರೀಕ್ಷಿಸಿ.

ಬುಷ್ ತೆಗೆಯಲು ಕಾಲಮ್ಮನ್ನು ಡ್ಯಾಶ್‌ಬೋರ್ಡಿನ ಬ್ರಾಕೆಟಿನಿಂದ ಸಡಿಲಿಸಬೇಕಾಗಿ ಬಂದರೆ, ಬೋಲ್ಟು ಬಿಚ್ಚುವ ಮೊದಲೇ ಕಾಲಮ್ಮಿನ ಅಡಿಗೆ ಒಂದು ಮರದ ತುಂಡನ್ನೋ ಗೋಣಿ ಸುತ್ತಿದ ಪೆಟ್ಟಿಗೆಯನ್ನೋ ಆಧಾರವಾಗಿ ಕೊಡಿ. ಕಾಲಮ್ ತೂಗಿದರೆ ಅದರ ಪೂರ್ತಿ ಭಾರ ಕೆಳಗಿನ ಬಾಕ್ಸಿನ ಕತ್ತಿನ ಮೇಲೆ ಬೀಳುತ್ತದೆ. ಈ ಸಮಯದಲ್ಲಿ ಕಾಲಮ್ ನೆಲದ ಹತ್ತಿರ ಎಂಜಿನ್ ಕಡೆಗೆ ದಾಟುವ ಜಾಗದ ರಬ್ಬರನ್ನೂ ನೋಡಿ, ಅದು ಒಡೆದಿದ್ದರೆ ಮಳೆನೀರು ಒಳಗೆ ಇಳಿದು ನಿಮ್ಮ ಕಾಲಡಿಯ ತಗಡನ್ನು ತಿಂದಿರುತ್ತದೆ.

ಇಲ್ಲಿಗೆ ಮನೆಯ ಕೆಲಸ ನಿಲ್ಲಬೇಕು. ಸ್ಟೀರಿಂಗ್ ಬಾಕ್ಸನ್ನು ಬಿಚ್ಚುವುದು, ಡ್ರಾಪ್ ಆರ್ಮನ್ನು ಅದರ ಶಾಫ್ಟಿನಿಂದ ತೆಗೆಯುವುದು, ವರ್ಮಿನ ಹೊಂದಾಣಿಕೆ ಬದಲಾಯಿಸುವುದು ಇವು ಮೂರೂ ಅನುಭವವಿರುವ ವರ್ಕ್‌ಶಾಪಿನಲ್ಲಿ ಆಗಬೇಕಾದವು. ಪ್ಲೇ ಕಡಿಮೆ ಮಾಡಲು ಬಾಕ್ಸಿನ ಮೇಲಿನ ಸ್ಕ್ರೂವನ್ನು ಬಿಗಿಮಾಡುವುದು ಸುಲಭವೆಂದು ಕಾಣುತ್ತದೆ. ಬಾಕ್ಸು ನೇರ ಓಟದ ಜಾಗದಲ್ಲೇ ಹೆಚ್ಚು ಸವೆಯುವುದರಿಂದ ಅಲ್ಲಿ ಸರಿಯಾಗುವಷ್ಟು ಬಿಗಿಮಾಡಿದರೆ ಪೂರ್ತಿ ತಿರುವಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಸ್ಟೀರಿಂಗ್ ಅರ್ಧದಲ್ಲಿ ಕಚ್ಚಿದರೆ ಏನಾಗಬಹುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಕ್ಸಿನ ಎಣ್ಣೆಯ ಮಟ್ಟವನ್ನು ನೀವೇ ನೋಡಬಹುದು. ಅದಕ್ಕೆ 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಎಣ್ಣೆ ಸೋರುತ್ತದೆಂದು ಅದರಲ್ಲಿ ಗ್ರೀಸ್ ತುಂಬುವ ರೂಢಿ ನಮ್ಮ ಕಡೆ ಇದೆ. ಗ್ರೀಸನ್ನು ಹಲ್ಲುಗಳು ಒಮ್ಮೆ ಬದಿಗೆ ಸರಿಸಿದರೆ ಅದು ಮರಳಿ ಹರಿದು ಬರುವುದಿಲ್ಲ, ಹಲ್ಲುಗಳು ಒಣಗಿಯೇ ತಿರುಗುತ್ತವೆ.

ಈ ಉತ್ತರವನ್ನು ಓದುವ ಬೇರೆಯವರಿಗಾಗಿ ಒಂದು ಮಾತು ಸೇರಿಸಬೇಕು. ಇಲ್ಲಿ ಹೇಳಿದ್ದು ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಿಗೆ ಮಾತ್ರ. ಅಪಘಾತದಲ್ಲಿ ಚಾಲಕನ ಎದೆಗೆ ಬಡಿಯದೆ ತಾನೇ ಕುಗ್ಗುವ ಕಾಲಮ್ಮುಗಳು 1967ರ ಮಾದರಿಗಳಿಂದ ಅಮೆರಿಕದ ಕಾರುಗಳಲ್ಲಿ ವ್ಯಾಪಕವಾದವು, ಅನಂತರ ಎಲ್ಲೆಡೆ ಬಂದವು. ಅಂಥ ಕಾಲಮ್ಮುಗಳಲ್ಲಿ ಸಣ್ಣ ಪ್ಲಾಸ್ಟಿಕ್ ಪಿನ್ನುಗಳು ಎರಡು ಭಾಗಗಳನ್ನು ಹಿಡಿದಿರುವುದುಂಟು, ಸುತ್ತಿಗೆಯ ಒಂದು ಏಟಿಗೆ ಅವು ತುಂಡಾಗಬಹುದು. ಏರ್‌ಬ್ಯಾಗ್ ಇರುವ ವೀಲನ್ನಂತೂ ಮನೆಯಂಗಳದಲ್ಲಿ ಬಿಚ್ಚಲೇಬಾರದು.

ಪುನಃ ಜೋಡಿಸುವಾಗ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ತೆಳುವಾಗಿ ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರಿಗೆ ಪುಲ್ಲರಿನ ಅರ್ಧ ಕೆಲಸ ತಪ್ಪುತ್ತದೆ. ಚುಕ್ಕೆಗೆ ಚುಕ್ಕೆ ಸೇರಿಸಿ ವೀಲನ್ನು ಕೂರಿಸಿ, ಲಾಕ್ ವಾಷರ್ ಹೊಸದು ಹಾಕಿ, ನಟ್ಟನ್ನು ಬಿಗಿಮಾಡಿ. ಅನಂತರ ಮುಂದಿನ ಚಕ್ರಗಳನ್ನು ಎತ್ತಿ, ಜ್ಯಾಕಿನ ಜೊತೆಗೆ ಸ್ಟ್ಯಾಂಡ್ ಕೂಡ ಕೊಟ್ಟು, ವೀಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎರಡು ಬೆರಳಿನಲ್ಲಿ ತಿರುಗಿಸಿ. ಎಲ್ಲಿಯೂ ತಡೆ, ಉಜ್ಜುವ ಸದ್ದು ಇರಬಾರದು. ತಂತಿಗಳು ಪೂರ್ತಿ ತಿರುವಿನಲ್ಲೂ ಬಿಗಿಯಾಗಬಾರದು. ಆಮೇಲೆ ಬ್ಯಾಟರಿ ಜೋಡಿಸಿ ಹಾರ್ನ್, ಸಿಗ್ನಲ್, ಲೈಟುಗಳನ್ನು ವೀಲು ಎಡಕ್ಕೆ, ನೇರಕ್ಕೆ, ಬಲಕ್ಕೆ ಇರುವಾಗ ಪ್ರತ್ಯೇಕವಾಗಿ ನೋಡಿ. ಮೊದಲ ಓಟ ಮನೆಯ ಅಂಗಳದಲ್ಲಿ, ಎರಡನೆಯದು ವಾಹನವಿಲ್ಲದ ಹೊತ್ತಿನಲ್ಲಿ ಊರಿನ ಒಳರಸ್ತೆಯಲ್ಲಿ ಆಗಲಿ. ಹೆದ್ದಾರಿಗೆ ಹೋಗುವ ಮೊದಲು, ನೂರು ಕಿಲೋಮೀಟರ್ ಓಡಿದ ಮೇಲೆ ಹಾರ್ನ್ ಬಟನ್ನನ್ನು ಇನ್ನೊಮ್ಮೆ ತೆಗೆದು ವೀಲಿನ ನಟ್ಟಿಗೂ, ಬ್ರಾಕೆಟಿನ ಎರಡು ಬೋಲ್ಟುಗಳಿಗೂ ಸ್ಪ್ಯಾನರ್ ಹಾಕಿ ನೋಡಿ.